ಕೆಂಪಗಾದ ಕೋಳಿ

ಗಿಡಕ್ಕೂ ಜೀವ ಇದೆ ಅಂದಿದ್ದರಲ್ಲಿ ನಗೋದೇನಿದೆ ಮಗಳೇ? ಸೊಪ್ಪು ಕೊಯ್ಯುವಾಗ ಅದು ಕೂಗಲ್ಲ, ಅಷ್ಟೇ. ಕೂಗೋದರ ಮೇಲೆ ನಿನಗೆ ಕರುಣೆ, ಬಾಯಿಲ್ಲದ್ದರ ಮೇಲೆ ಇಲ್ವಾ?

ಸರಿ, ಅದು ಬಿಡು. ಡಾಕ್ಟರಮ್ಮ ಏನಂದ್ರು? ಹುಡುಗಿ ಮೈಯಲ್ಲಿ ರಕ್ತವೇ ಇಲ್ಲ, ಮಾಂಸ ತಿನ್ನಿಸಿ ಅಂದ್ರು. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ ನಿನಗೆ. ನಿಮ್ಮಮ್ಮ ಆಸ್ಪತ್ರೆ ಡ್ಯೂಟಿಗೆ ಹೊರಡೋ ಗಡಿಬಿಡೀಲೂ ನಿನಗೇ ಅಂತ ಕೋಳಿ ಬೇಯಿಸಿಟ್ಟು, ತಿನ್ನಿಸೋ ಕೆಲಸ ನನಗೆ ಒಪ್ಪಿಸಿ ಹೋಗಿದಾಳೆ. ತಿನ್ನು ಪುಟ್ಟಿ. ತಣ್ಣಗಾದ್ರೆ ಮೇಲೆ ಕೊಬ್ಬು ಕಟ್ಟುತ್ತೆ, ಬೆಳ್ಳಗೆ, ಮೇಣದ ಹಾಗೆ... ಅದನ್ನ ಹೇಳಬಾರದಿತ್ತು.

ನಿನ್ನ ಮುತ್ತಜ್ಜ ತಿಂದ, ನಮ್ಮಪ್ಪ ತಿಂದ, ತಿಂದೇ ನಾವೆಲ್ಲ ಇಷ್ಟೆತ್ತರ ಆಗಿದ್ದು. ಕೋರೆಹಲ್ಲು ದೇವರು ಸುಮ್ಮನೆ ಕೊಟ್ಟಿದಾನಾ? ಆಮೇಲೆ, ನಾವು ತಿನ್ನದಿದ್ರೆ ಆ ಕೋಳಿ ಹುಟ್ಟೋದೇ ಇಲ್ಲ. ನಾನು ಈ ಕೋಳಿ ಕೊಯ್ಯೋ ಫ್ಯಾಕ್ಟರಿ ಬಿಟ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ, ಕೋಳಿ ಉಳಿಯಲ್ಲ. ನೋವೂ ಆಗಲ್ಲ ಕಣೇ. ಕಾಲು ಸಿಕ್ಕಿಸಿ ಸರಪಳಿಗೆ ತಲೆಕೆಳಗೆ ನೇತುಹಾಕ್ತೀವಿ. ಮುಂದೆ ಕರೆಂಟ್ ಹಾಯಿಸಿದ ನೀರು, ತಲೆ ಮುಳುಗಿದ ತಕ್ಷಣ ಪ್ರಜ್ಞೆ ಹೋಗುತ್ತೆ. ಆಮೇಲೆ ಬ್ಲೇಡು. ಆಮೇಲೆ ಪುಕ್ಕ ಸಡಿಲ ಮಾಡೋಕೆ ಬಿಸಿನೀರಿನ ತೊಟ್ಟಿ. ಅಷ್ಟೊತ್ತಿಗೆ ಸತ್ತು...

ಯಾಕೆ ಹಾಗೆ ನೋಡ್ತೀಯ? ಸತ್ತೇ ಇರುತ್ತೆ.

ಹೂಂ... ಹೋದ ವಾರ ಒಂದು ಸತ್ತಿರ್ಲಿಲ್ಲ.

ಕರೆಂಟ್ ಹೋಗಿ ಸರಪಳಿ ನಿಂತುಬಿಡ್ತು. ನೇತಾಡ್ತಿದ್ದ ಕೋಳಿಗಳು ಹೆದರಿ ಹೇಲ್ತಿದ್ವು. ತಲೆಕೆಳಗಿದ್ವಲ್ಲ, ಅದೆಲ್ಲ ಅವುಗಳ ಮುಖದ ಮೇಲೇ ಇಳೀತಿತ್ತು, ಕಣ್ಣಿಗೆ, ಕೊಕ್ಕಿಗೆ. ಆ ನಾತ... ಮೂಗಿಗೆ ಕಟ್ಟಿದ್ದ ಬಟ್ಟೆಯೂ ತಡೀಲಿಲ್ಲ. ಮತ್ತೆ ಸರಪಳಿ ಓಡಿದಾಗ ಒಂದು ಕೋಳಿ ಕತ್ತನ್ನ ಮೇಲಕ್ಕೆ ಎತ್ತಿಬಿಡ್ತು. ಅದಕ್ಕೆ ನೀರು ತಾಗಲಿಲ್ಲ, ಬ್ಲೇಡೂ ತಾಗಲಿಲ್ಲ. ನಾನು ಕೂಗ್ತಾ ಸ್ವಿಚ್ ಕಡೆ ಓಡಿದೆ. ಅಷ್ಟರಲ್ಲಿ ಅದು ಕಣ್ಣು ಬಿಟ್ಕೊಂಡೇ ಬಿಸಿನೀರಿಗೆ ಇಳೀತು. ಆಚೆ ಕಡೆ ಬಂದಾಗ ಮೈಯೆಲ್ಲ ಕೆಂಪು, ಸುಟ್ಟುಕೊಂಡ ಕೈ ಇರುತ್ತಲ್ಲ, ಹಾಗೆ. ಸತ್ತು ಇಳಿದಿದ್ದು ಹಾಗೆ ಕೆಂಪಗಾಗಲ್ಲ.

ಎಸೆದುಬಿಡೋಣ ಅಂದೆ. ಸೂಪರ್‌ವೈಸರ್ ಹೇಳಿದ, "ಚರ್ಮ ಸುಲಿದು ತುಂಡು ಮಾಡ್ಸು. ತುಂಡಾದ್ಮೇಲೆ ಎಲ್ಲಾ ಒಂದೇ."

ಅವನು ಹೇಳಿದ್ದೂ ಸುಳ್ಳಲ್ಲ. ಒಂದೇ ಥರ ಕಂಡ್ವು. ಯಾವುದು ಅದರದ್ದು, ಯಾವುದು ಬೇರೆಯದ್ದು, ನನಗೇ ತಿಳೀಲಿಲ್ಲ.

ಅದಕ್ಕೇನೀಗ? ಒಂದು ಕೋಳಿಗೆ ಹಾಗಾಯ್ತು ಅಂತ ಲೋಕವೆಲ್ಲ ಊಟ ಬಿಡುತ್ತಾ? ಕಣ್ಣಾರೆ ಕಂಡ ನಾನೇ ತಿಂತಿಲ್ವಾ? ದಿನಾ ತಿಂತೀನಿ. ಕ್ಯಾಂಟೀನಲ್ಲೇ ಮುಗಿಸಿ ಬರ್ತೀನಿ, ಅದಕ್ಕೇ ಮನೇಲಿ ಹಸಿವಿರಲ್ಲ.

ತಟ್ಟೆ ಯಾಕೆ ಈ ಕಡೆ ತಳ್ಳಿದೆ?

ತಿಂದು ಬಂದೆ ಅಂದೆನಲ್ಲ... ಕೈ ತೆಗಿ. ಅಪ್ಪನಿಗೆ ತುತ್ತು ತಿನ್ನಿಸೋ ವಯಸ್ಸಾ ಇದು? ಬಾಯಿ ಹತ್ರ ತರಬೇಡ. ಬೇಡ ಪುಟ್ಟಿ. ಬೇಡ ಅಂದೆ...

ನೀರು. ನೀರು ಕೊಡು.

ಏನಾಗಿಲ್ಲ, ವಾಸನೆಗೆ ಓಕರಿಸಿದೆ ಅಷ್ಟೇ. ಬೆನ್ನು ಸವರಿದ್ದು ಸಾಕು, ಕೂತ್ಕೋ. ನೀನು ಬೈದಿದ್ರೇ ಚೆನ್ನಾಗಿತ್ತು.

ಹೂಂ. ಅವತ್ತಿಂದ ಮುಟ್ಟಿಲ್ಲ. ಕ್ಯಾಂಟೀನಲ್ಲಿ ಬರೀ ಅನ್ನ ಮೊಸರು. ಅದೂ ಕೈ ಮೂಸಿ ಮೂಸಿ, ಮೂರು ಸಲ ಸೋಪು ಹಾಕಿ. ಬೆಳಿಗ್ಗೆ ಎದ್ದು ಮತ್ತೆ ಅಲ್ಲಿಗೇ ಹೋಗ್ಬೇಕು.

ಮುಚ್ಚಿಡು ಆ ಪಾತ್ರೆ. ಅಮ್ಮ ಬರಲಿ. ನೀನು ತಿಂದಿಲ್ಲ ಅಂತ ನಾನೇ ಹೇಳ್ತೀನಿ, ನಿನಗೆ ಬೈಗುಳ ಬೀಳದ ಹಾಗೆ ನೋಡ್ಕೋತೀನಿ.

ನಾನೂ ಬಿಟ್ಟಿದ್ದನ್ನ... ಅಮ್ಮನಿಗೆ ನೀನು ಹೇಳ್ತೀಯಾ?