ಸಾಹೇಬರ ಸೋಫಾ

ಅಯ್ಯೋ, ಸುಳ್ಳಲ್ಲ ಕಣೇ, ಸೋಫಾ! ಹತ್ತು ಗಂಟೆಗೆ ಇಂಟರ್‌ವ್ಯೂ ಅಂತ ಕರೆಸಿ ಹನ್ನೆರಡೂವರೆಗೆ ಒಳಗೆ ಬಿಟ್ರು. ಹೋದ್ರೆ... ಆ ಸಾಹೇಬ ಫೋನಲ್ಲಿ ಹೆಂಡ್ತಿ ಜೊತೆ ಸೋಫಾ ಬಣ್ಣದ ಜಗಳ ಆಡ್ತಿದ್ದ! ಕೂತ್ಕೊಳ್ಳಿ ಅಂತ ಕೈ ತೋರಿಸ್ದ. ಎಲ್ಲಿ ಕೂರೋದು? ಕುರ್ಚಿ ಮೇಲೆ ಅವನ ಹೆಲ್ಮೆಟ್ಟು! ತಡಿ, ಈಗಲೇ ನಗಬೇಡ.

ನನ್ನ ಬಯೋಡೇಟಾ ಮೇಲೆ ಬಿಸ್ಕತ್ತು ಇಟ್ಕೊಂಡು ತಿಂತಿದ್ದ. ಹದಿನಾರು ವರ್ಷದ ಲಿಫ್ಟ್ ರಿಪೇರಿ ಕಣೇ, ಅದರ ಮೇಲೆಲ್ಲಾ ಪುಡಿ! ಆಮೇಲೆ ಇನ್ಯಾರದ್ದೋ ಹಾಳೆ ಎತ್ಕೊಂಡು, 'ಡ್ಯಾನ್ಸ್ ಟೀಚರ್ ಆಗಿದ್ರಂತೆ?' ಅಂದ. ಯಾರು? ಈ ಹೊಟ್ಟೆ ಹೊತ್ಕೊಂಡ ನಿನ್ನ ಗಂಡ! ಇಲ್ಲ ಸಾರ್, ಲಿಫ್ಟ್ ಮೆಕ್ಯಾನಿಕ್ಕು ಅಂದೆ. 'ಒಂದೇ ಕಡೆ ಹದಿನಾರು ವರ್ಷಾನಾ? ಮೇಲೆ ಹೋಗೋ ಆಸೆ ಇಲ್ವಾ?' ಅಂತಾನೆ. ದಿನಕ್ಕೆ ಇಪ್ಪತ್ತು ಸಲ ಮೇಲೆ ಹೋಗಿ ಬರ್ತೀನಿ ಸಾರ್ ಅಂದೆ! ...ಹೂಂ, ಬಾಯಿ ಬಿಟ್ಟೇ ಅಂದೆ. ...ಸರಿ, ಮನಸ್ಸಲ್ಲಿ ಅಂದೆ.

ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, 'ಬೂದಿ ಬಣ್ಣಾನಾ, ಕಂದು ಬಣ್ಣಾನಾ?' ಅಂತ ನನ್ನನ್ನೇ ಕೇಳ್ದ. ಕಂದು ಸಾರ್, ಕೊಳೆ ಕಾಣಲ್ಲ ಅಂದೆ. ನಾನು ಪಾಸಾಗಿದ್ದು ಅದೊಂದೇ ಪ್ರಶ್ನೆಲಿ! ಫೋನ್ ಇಟ್ಟು ತಣ್ಣಗೆ ಹೇಳ್ದ, 'ಆ ಜಾಗ ಹೋದ ವಾರಾನೇ ತುಂಬಿಬಿಟ್ವಿ. ಇದು ಸುಮ್ನೆ ಶಾಸ್ತ್ರಕ್ಕೆ.' ಶಾಸ್ತ್ರಕ್ಕಂತೆ! ಮೈಯೆಲ್ಲಾ ಉರಿದುಹೋಗಿ ಅಂದೇಬಿಟ್ಟೆ, ನೀವು ಹೇಳ್ದಂಗೇ ಮಾಡ್ಕೊಂಡು ಬಂದಿದ್ದೀನಲ್ಲಾ ಸಾರ್, ಈಗ ಹಿಂಗಂದ್ರೆ...

ಏನು? ಏನು ಮಾಡ್ಕೊಂಡು ಅಂದ್ರೆ... ಏನಿಲ್ವೇ. ಹೊಸ ಫೋಟೋ ತೆಗೆಸ್ಕೊಂಡು ಬನ್ನಿ ಅಂದಿದ್ದ. ...ಯಾಕೆ ಹಂಗೆ ನೋಡ್ತೀಯಾ? ಇಷ್ಟೊತ್ತು ಬಿದ್ದು ಬಿದ್ದು ನಗ್ತಿದ್ದೆ. ಫೋಟೋನೇ ಕಣೇ...

ಸರಿ.

'ಜಾಗ ನಿಮ್ಮದೇ, ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಬನ್ನಿ' ಅಂತ ಆ ಸಾಹೇಬ ಹೋದ ವಾರಾನೇ ಫೋನಲ್ಲಿ ಅಂದಿದ್ದ. ಶುಕ್ರವಾರ ಬರೆದುಕೊಟ್ಟೆ. ಸೋಮವಾರದಿಂದ ನೀನು ಕಟ್ಟಿಕೊಟ್ಟ ಡಬ್ಬಿ ಹಿಡ್ಕೊಂಡು ಹೋಗಿ, ಬಸ್ ನಿಲ್ದಾಣದಲ್ಲಿ ಕೂತು ಉಂಡು ಬರ್ತಿದ್ದೆ. ಇವತ್ತು ವಾಪಸ್ ಬರ್ತಾ ಹಳೇ ಸೂಪರ್‌ವೈಸರ್ ಹತ್ರ ಹೋಗಿ ಕೈಮುಗಿದೆ. 'ನಿನ್ನ ಜಾಗಕ್ಕೆ ಆಗಲೇ ಒಬ್ಬ ಬಂದಾಯ್ತಲ್ಲೋ' ಅಂದ್ರು...

ಬೈಯೇ. ಕೈಗೆ ಸಿಕ್ಕಿದ್ದು ಎತ್ತಿ ಕುಕ್ಕು. ಹಿಂಗೆ ಸುಮ್ನೆ ಮಾತ್ರ ಕೂರಬೇಡ ಕಣೇ... ಒಂದು ಮಾತು ಬೈದುಬಿಡು.