ಮಂಜಿನಲ್ಲಿ ವಿಮಾನ ನಿಲ್ಲಿಸಿದವಳ ಅಕ್ಕ

ಮಾನ್ಯ ಅಧ್ಯಕ್ಷರಾದ ಚಿಕ್ಕರಂಗಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ಬಿಳಿಗೆರೆ ಶಾಲೆಯ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಇಂದು ಸನ್ಮಾನ ಸ್ವೀಕರಿಸುತ್ತಿರುವ ಇಂಪನಾ ನನ್ನ ತಂಗಿ. ನಿರೂಪಕರು ನನ್ನನ್ನು ‘ಇಂಪನಾ ಅವರ ಅಕ್ಕ’ ಎಂದು ಕರೆದರು. ನನಗೂ ಗಿರಿಜಾಂಬಿಕಾ ಎಂಬ ಹೆಸರಿದೆ, ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇರಲಿ.

ನಡೆದದ್ದು ನಿಮಗೆ ಗೊತ್ತು. ಉತ್ತರದ ಒಂದು ವಿಮಾನ ನಿಲ್ದಾಣ, ಬೆಳಗಿನ ದಟ್ಟ ಮಂಜು. ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವುದು ಇವಳ ಕೆಲಸ. ಕಿಟಕಿಯಾಚೆ ರನ್‌ವೇ ಕಾಣುವುದಿಲ್ಲ. ರಾಡಾರ್ ಪರದೆಯ ಮೇಲೆ ವಿಮಾನಗಳು ಬರೀ ಚುಕ್ಕಿಗಳು. ಆಗ ತಾನೇ ಇಳಿದ ವಿಮಾನದ ಪೈಲಟ್ ‘ರನ್‌ವೇ ಬಿಟ್ಟೆ’ ಎಂದ. ಬಿಟ್ಟಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ವಿಮಾನ ಹಾರಲು ಓಡತೊಡಗಿತ್ತು. ಇವಳು ರನ್‌ವೇ ಮೇಲೆ ಇನ್ನೂ ಇದ್ದ ಚುಕ್ಕಿ ನೋಡಿದಳು, ಓಡುತ್ತಿದ್ದ ವಿಮಾನಕ್ಕೆ ‘ತಕ್ಷಣ ನಿಲ್ಲಿಸಿ’ ಎಂದಳು. ನಿಂತಿತು. ಅಷ್ಟೂ ಜನ ಮನೆ ಸೇರಿದರು.

ಅಂದಿನಿಂದ ನಮ್ಮಮ್ಮ ಶಿವರುದ್ರಮ್ಮ ತಿಪಟೂರಿನ ಕೊಬ್ಬರಿ ಮಂಡಿಗೆ ಹೋದರೂ ಇದೇ ಮಾತು. "ನನ್ ಚಿಕ್ ಮಗ್ಳು ಇಮಾನ ನಿಲ್ಸಿದ್ಲು ಕಣ್ರೀ." ಪಕ್ಕದಲ್ಲಿ ನಾನಿದ್ದರೆ, "ಇವ್ಳು ದೊಡ್ಡೋಳು. ಇಲ್ಲೇ ಸ್ಕೂಲಲ್ಲವ್ಳೆ."

ಟವರಿನ ಆ ಕೆಲಸಕ್ಕೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಅವಳಿಗೆ ಲೆಕ್ಕ ಹೇಳಿಕೊಟ್ಟವಳು ಯಾರು? ನಾನು. ಧ್ವನಿ ಪರೀಕ್ಷೆಯಲ್ಲಿ ಬಿದ್ದವಳು ಯಾರು? ನಾನು. ಮೈಕಿಲ್ಲದೆ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿ ಸ್ವಾಮಿ ಇದು.

ಆದರೆ ಆ ಬೆಳಿಗ್ಗೆ ಅವಳು ಮೊದಲು ಫೋನ್ ಮಾಡಿದ್ದು ನನಗೆ. ಅಮ್ಮನಿಗಲ್ಲ, ಗಂಡನಿಗೂ ಅಲ್ಲ.

"ಅಕ್ಕ, ತಪ್ಪು ಮಾಡ್ಬುಟ್ಟೆ ಕಣೇ. ಇಳಿದ ಪೈಲಟ್ ಮಾತು ನಂಬ್ಕೊಂಡು, ಪರದೆ ಸರಿಯಾಗಿ ನೋಡ್ದೆ, ಇನ್ನೊಂದನ್ನ ಹಾರು ಅಂತ ಬುಟ್ಟೋಳೂ ನಾನೇ. ಅಮ್ಮಂಗೆ ಹೇಳ್ಬೇಡ."

"ನೀರು ಕುಡಿ. ಫೋನ್ ಇಡ್ಬೇಡ," ಎಂದೆ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಅಮ್ಮ, ಹಾಗೆ ನೋಡಬೇಡ. ಅವಳು ಅಂದೇ ಮೇಲಿನವರಿಗೆ ಎಲ್ಲ ಹೇಳಿದ್ದಾಳೆ. ಮುಚ್ಚಿಟ್ಟದ್ದು ನಿನ್ನಿಂದ ಮಾತ್ರ.

ಸಭಿಕರೇ, ಅವಳ ಕುರ್ಚಿಯಲ್ಲಿ ಮನಸ್ಸಿನಲ್ಲೇ ನನ್ನನ್ನು ಕೂರಿಸಿಕೊಂಡು ಎಷ್ಟೋ ಸಲ ನೋಡಿದ್ದೇನೆ. ಚುಕ್ಕಿ ನನಗೂ ಕಾಣುತ್ತಿತ್ತು. ಆದರೆ ನಾನು ತಪ್ಪಿದೆನೇ ಎಂದು ಯೋಚಿಸುತ್ತಾ ಕೂರುತ್ತಿದ್ದೆ, ವಿಮಾನ ಓಡುತ್ತಲೇ ಇರುತ್ತಿತ್ತು. ಅವಳು ತನ್ನ ಮಾತನ್ನು ತಾನೇ ಆ ಗಳಿಗೆಯಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನಾನು ಕಲಿಸಿರಲಿಲ್ಲ.

ಹೊಟ್ಟೆಕಿಚ್ಚು ಇನ್ನೂ ಇದೆ. ಆದರೂ ಈ ಹಾರವನ್ನು ನಾನೇ ಹಾಕುತ್ತೇನೆ, ಅಧ್ಯಕ್ಷರು ಅನುಮತಿ ಕೊಡಬೇಕು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆ, ನಮಸ್ಕಾರ.