ಮುಳ್ಳಹಂದಿಗೆ ಬಿಟ್ಟ ಸಾಲು

...ಗೆಣಸು ಕಳುವಾಗಿದ್ದನ್ನ ಮುಳ್ಳಹಂದಿ ಮ್ಯಾಲ ಹಾಕಬ್ಯಾಡ, ಲಾಲಸಾಬ. ಅದು ಹ್ಯಾಂಗ ತಿಂತೈತಿ ಅನ್ನೂದು ನನಗ, ಈ ಮಹಾಂತಪ್ಪಗ, ಗೊತ್ತಿಲ್ಲೇನು? ಕತ್ತಲಾದ ಮ್ಯಾಲ ಗುಡ್ಡದಿಂದ ದಿನಾ ಅದೇ ದಾರೀಲೆ ಇಳೀತೈತಿ. ಹಸದ್ರ ಹುಣಸಿ ಗಿಡದ ತೊಗಟಿ ಕೆರೀತೈತಿ, ಸತ್ತ ದನದ ಎಲುಬು ಸೈತ ಕಡೀತೈತಿ. ಆದ್ರ ಗೆಣಸು? ಮುಂಗಾಲಿಲೆ ಮಣ್ಣು ಕೆದರಿ, ಅಲ್ಲೇ ಅರ್ಧಾ ತಿಂದು ಅರ್ಧಾ ಬಿಡತೈತಿ. ಬಿಟ್ಟಿದ್ದರ ಮ್ಯಾಲ ಹಲ್ಲಿನ ಗೀರು ಇರತಾವ. ಒಂದೆರಡು ಮುಳ್ಳರ ಉದುರಿರತಾವ. ಇಲ್ಲಿ ನೋಡು... ಬಗ್ಗಿ ನೋಡೋ. ಸಲಿಕಿ ಗುರುತು! ಒಂದೂ ಗೆಣಸಿಲ್ಲ. ಮುಳ್ಳಹಂದಿ ಚೀಲ ತಂದಿತ್ತೇನು?

ಯಾಕ ನಗಾಕತ್ತಿ? ನಗಲಿಲ್ಲಾ? ಮತ್ತ ಮಾರಿ ಯಾಕ ಹಂಗ ಮಾಡೀದಿ?

ತೊಂಬತ್ತೆಂಟರಾಗ ಇದೇ ಬದುವಿನ ಮ್ಯಾಲ ಕುಂತು ಇಬ್ಬರೂ ಮಾತು ಮಾಡ್ಕೊಂಡಿದ್ವಿ. ಬದುವಿನ ಕಡೀ ಸಾಲು ಮುಳ್ಳಹಂದಿ ಪಾಲು. ವಿಷ ಇಡೂದಿಲ್ಲ, ಉರುಲು ಹಾಕೂದಿಲ್ಲ. ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರ್ಖಾನಿಗೆ ಕಬ್ಬು ಒಯ್ಯೂ ಗಾಡಿಯವರು ನಿಂತು ಚ್ಯಾಷ್ಟಿ ಮಾಡಿದ್ರು. ನಾವು ಬಿಡಲಿಲ್ಲ. ಇಲ್ಲೀತನಕ ಆರು ವರ್ಷ! ಈಗ ಆ ಪಾಲಿಗೇ ಕೈ ಹಾಕಿದ್ಯಲ್ಲೋ. ಒಡಹುಟ್ಟಿದಾಂವ ಅಂತ ತಿಳದಿದ್ದೆ ನಿನ್ನ. ಕಳ್ಳ ಅಂತೇನಿ ಈಗ. ಹೌದು, ಕಳ್ಳ.

ಎಲ್ಲಿಟ್ಟಿ? ಮನಿಗೆ ಒಯ್ದ್ಯಾ? ಹೇಳು, ಬೈಯೂದಿಲ್ಲ. ಒಯ್ದಿದ್ರ ಒಯ್ದಿ... ನಿನ್ನ ಹೇಣ್ತಿ ಗೌಸಬಿ ಕುದಿಸ್ಯಾಳೇನು? ನಿನ್ನ ಮಗಳು ಮುಸ್ಕಾನಗ ಗೆಣಸಂದ್ರ ಜೀವ... ತಿಂದಿಲ್ಲಲ್ಲ ಆಕಿ? ಲಾಲಸಾಬ, ಬಾಯಿ ಬಿಡೋ.

ಯಾಕ ಹಂಗ ನೋಡ್ತಿ?

ಹೂಂ... ನಾನಽ. ಹತ್ತಿಗೆ ಹೊಡಿಯೂ ವಿಷದ ಎಣ್ಣಿ. ನಿನ್ನೆ ಸಂಜೀಕ, ಈ ಸಾಲಿನ ಗೆಣಸಿಗೆಲ್ಲಾ ಹಾಕಿದ್ದೆ. ನಮ್ಮ ಪಾಲಿನ ಒಳಗಿನ ಸಾಲಿಗೂ ಬಂದಿತ್ತಪಾ ಆ ಮುಳ್ಳಹಂದಿ, ಒಂದೇ ರಾತ್ರಿ ಇಪ್ಪತ್ತು ಬಳ್ಳಿ ಕೆದರಿತ್ತು. ಸಿಟ್ಟು ಬಂತು. ನಿನಗ ಹೇಳಿದ್ರ ನೀ ಬಿಡತಿದ್ದಿಲ್ಲ. ಅದಕ್ಕ ಹೇಳಲಿಲ್ಲ... ಈಗರ ಹೇಳು. ಮುಸ್ಕಾನ್...?

ಇಲ್ಲಾ? ಯಾರೂ ತಿಂದಿಲ್ಲಾ? ಇನ್ನೊಮ್ಮೆ ತಲಿ ಅಲ್ಲಾಡಿಸು. ಆ ಹೊಸಾ ಮಣ್ಣಿನ ಕಡೆ ಕೈ ತೋರಸ್ತಿ... ಎಲ್ಲಾನೂ ಅಲ್ಲೇ ಹುಗದ್ಯಾ? ಒಂದೂ ಬಿಡದಂಗ?

ಅಂದ್ರ... ನಾ ಎಣ್ಣಿ ಹಾಕೂದು ನೀ ನೋಡಿದ್ದಿ. ನೋಡಿ, ಅದು ಗುಡ್ಡ ಇಳಿಯೂದ್ರಾಗ ಎಲ್ಲಾ ಅಗದು ತಗದಿ. ಮತ್ತ ಇಷ್ಟೊತ್ತನ ನಾ ಕಳ್ಳ ಅಂದ್ರೂ ಯಾಕ ಅನ್ನಿಸ್ಕೊಂಡಿ?

ಹೊಂಟ್ಯಾ? ನಿಲ್ಲೋ... ಲಾಲಸಾಬ, ನನ್ನ ಬೈದಾದ್ರೂ ಹೋಗು.